ಗ್ಯಾಪ್

ಕೈಗವಸು ಆಮ್ಯಾಲ ಹಾಕ್ಕೋ, ಫಕೀರಣ್ಣನ ಮಗನ,
ಮೊದಲ ಬರಿಗೈಲೆ ಐಸ್ ಮುಟ್ಟು.
ನಾ ಹಂಗ ಕಲ್ತಾಂವ.

ಖಾರಿವಾಡ ಜೆಟ್ಟಿ, ನಸುಕಿನ ಮೂರೂವರಿ.
ಫ್ಯಾಕ್ಟರಿಯ ಮರದ ಜಾರುಬಂಡಿಯೊಳಗ
ಹೊಗಿ ಬಿಟಗೋತ ಬರತಿದ್ವು ಐಸಿನ ಹಲಗಿ.
ಮ್ಯಾಲಿಂದ ಅಪ್ಪ ಕೊಕ್ಕಿಲೆ ನೂಕಾಂವ,
ಕೆಳಗ ನಾ ತಡೀಬೇಕು.
ತಪ್ಪಿದ್ರ ಹಲಗಿ ಚೂರು, ಅಪ್ಪನ ಕೂಲಿ ಚೂರು,
ಬೋಟಿನ ಮಾಲಕನ ಬಾಯಾಗ ನಮ್ಮವ್ವನ ಹೆಸರು.
ಹನ್ನೆರಡು ವರ್ಷಕ್ಕ ತಿಳೀತು:
ಜಾರಿ ಬರೂದನ್ನ ಕೈ ಹಿಡಿಯೂದಿಲ್ಲ,
ಮೊದಲ ಕಾಲು ಅಲ್ಲಿ ಹೋಗಿ ನಿಂತಿರಬೇಕು.

ಬಾಂಗಡಿ ಕೊಳ್ಳಾಕ ಬಂದಿದ್ದ ಸಾಂತಾನ್ ಸರ್
ಮೀನು ಮರತು ನನ್ನ ಕಾಲು ನೋಡಿಕೋತ ನಿಂತರು.
ಅದಿರಿನ ಕಂಪನಿ ಫುಟ್ಬಾಲ್ ಟೀಮು, ದಿನಾ ಎರಡು ತತ್ತಿ,
ತಿಂಗಳಿಗೆ ಪಗಾರ. ಹೆಸರೇನು ಅಂದ್ರು.
ಹುಲಿಗೆಪ್ಪ.
ಕೊಂಕಣಿ ನಾಲಿಗಿಗೆ ಹತ್ತಲಿಲ್ಲ ಅದು.
ಮುಂದಿನ ಹುಲಿ ಉದುರಿತು,
ಹಿಂದಿನ ಅಕಾರ ಉದುರಿತು,
ಉಳದದ್ದು ಗ್ಯಾಪ್.
ಗೋಲು ಕಾಯಾಂವಗ ಗ್ಯಾಪ್ ಅಂತ ಹೆಸರು!
ನಗಬ್ಯಾಡ. ಹನ್ನೊಂದು ವರ್ಷ
ಅದ ಹೆಸರಿಗೆ ರುಜು ಹಾಕೀನಿ.

ನಾಕು ವರ್ಷ ಬೆಂಚು.
ರೋಮಾಲ್ದನ ಹಿಂದ ಅವನ ನೀರಿನ ಬಾಟಲಿ ಹಿಡದು.
ಸುಳ್ಳ್ಯಾಕ ಹೇಳಲಿ, ಅವನ ಮೊಣಕಾಲು ಮುರೀಲಿ ಅಂತ
ಹುಲಿಗೆಮ್ಮಗ ಹರಕಿ ಹೊತ್ತಿದ್ದೆ.
ಮುರೀತು.
ದವಾಖಾನಿಗೆ ಮೋಸಂಬಿ ಒಯ್ದೆ.
ಅಂವ ನನ್ನ ಕೈ ಹೊಳ್ಳಿಸಿ ಮುಳ್ಳಿಸಿ ನೋಡಿ
"ಉಗುರು ಇನ್ನೂ ಸಣ್ಣ ಕತ್ತರಿಸ್ಕೋ" ಅಂದ,
ಗ್ವಾಡಿ ಕಡೆ ತಿರುಗಿದ.
ಆ ಹರಕಿ ನಾ ಇನ್ನೂ ತೀರಿಸಿಲ್ಲ.

ಬಿಟ್ಟ ದಿನ ಗ್ಯಾಲರಿ ತುಂಬ "ಘಾಟಿ, ಘಾಟಿ."
ತಡದ ದಿನ ಅದ ಬಾಯಿ, "ಆಮ್ಚೊ ಗ್ಯಾಪ್."
ಎರಡಕ್ಕೂ ಕೈ ಎತ್ತತಿದ್ದೆ.

ಬೈನಾದಾಗ ಜೆಸಿಬಿ ಬಂದದ್ದು
ನಮ್ಮ ಸೆಮಿಫೈನಲ್ ದಿನ.
ನಾ ಹಿಂದಿನ ರಾತ್ರಿಯಿಂದ ಕ್ಯಾಂಪಿನ್ಯಾಗ,
ಅವ್ವ ಯಾರಿಗೂ ಹೇಳಕೊಟ್ಟಿಲ್ಲ.
ತೊಂಬತ್ತು ಮಿನಿಟು ಗೋಲಿಲ್ಲ, ಮತ್ತ ಮೂವತ್ತು,
ಕಡೀಗೆ ಪೆನಾಲ್ಟಿ. ಎರಡು ತಡದೆ:
ಒಂದು ಎಡಕ್ಕ ಹಾರಿ,
ಒಂದು ಸುಮ್ನ ನಿಂತು.
ನನ್ನ ಹೆಗಲ ಮ್ಯಾಲ ಹೊತ್ತು ಬೀಚಿನ ತನಕ ತಂದ್ರು,
ಅಲ್ಲಿ ಸಾವಕಾಶ ಕೆಳಗಿಳಿಸಿದ್ರು.
ಗ್ವಾಡಿ ಇಲ್ಲ. ತಗಡು ಇಲ್ಲ.
ಬಾಗಿಲ ಚೌಕಟ್ಟೊಂದು ಉಳದಿತ್ತು,
ಎರಡು ಕಂಬ, ಮ್ಯಾಲೊಂದು ಅಡ್ಡಪಟ್ಟಿ,
ಹಿಂದ ಕಡಲು.
ಅವ್ವ ಹೊಸ್ತಿಲ ಮ್ಯಾಲ ಕುಂತಾಕಿ ಎದ್ದು ಸರದು ನಿಂತು
"ಬೂಟು ಹೊರಗ ಬಿಡು" ಅಂದ್ಲು.

ಬಿಟ್ಟೆ.

ಫೈನಲ್ ಸೋತ್ವಿ, ಅದಿರಲಿ.
ಮುಂದ ಅದಿರು ನಿಂತಿತು, ಬಾರ್ಜು ನಿಂತ್ವು,
ಟೀಮಿನ ಬಸ್ಸು ಮಡಗಾಂವದ ಸಾಲಿಗೆ ಮಾರಿದ್ರು.
ಕಂಪನಿ ಕಾಗದದಾಗ ಬರದಿದ್ರು:
ನಿಮ್ಮ ಸೇವಾ ನಮಗ ಇನ್ನ ಬೇಕಾಗಿಲ್ಲ, ಶ್ರೀ ಗ್ಯಾಪ್.

ಈಗ ಇಲ್ಲೇ, ಅದ ಫ್ಯಾಕ್ಟರಿ,
ಅಮೋನಿಯಾ ಪಂಪು ನೋಡ್ಕೋತೀನಿ.
ಬಲಗೈ ನಡುಬೆರಳು ಮಡಚೂದಿಲ್ಲ, ತುತ್ತಿಗೆ ಅಡ್ಡ ಬರತೈತಿ.
ರಾತ್ರಿ ಕಣ್ಣು ಮುಚ್ಚಿದ್ರ ಒಂದ ಬಾಲು,
ಪೊಲೀಸ್ ಟೀಮಿನ ಮ್ಯಾಲ, ಜಿಟಿಜಿಟಿ ಮಳಿ,
ಜೋರಿಲ್ಲ ಏನಿಲ್ಲ, ಎಮ್ಮಿ ಕರ ನಡದಂಗ
ನನ್ನ ಎರಡು ಕಾಲಿನ ನಡುವ ಹೊಂಟೈತಿ,
ಹದಿನಾಲ್ಕು ವರ್ಷಾತು, ಇನ್ನೂ ಗೆರಿ ದಾಟಿಲ್ಲ.

ಏಳು. ಮ್ಯಾಲ ನಿಮ್ಮಪ್ಪ ಕೊಕ್ಕಿ ಎತ್ತ್ಯಾನ.
ನನ್ನ ಮಾರಿ ಏನ್ ನೋಡತಿ,
ಹಲಗಿ ನೋಡು.